ಆನ್ ಸೆ ಯಂಗ್ ಬಗ್ಗೆ ಇಷ್ಟೇನಾ?

ಸಂಪಾದಕರೇ, ಆಟದ ಪುಟದಲ್ಲಿ ಕ್ರಿಕೆಟಿಗೆ ಮುಕ್ಕಾಲು ಪೇಜು ಕೊಟ್ಟು ಕೊರಿಯಾದ ಬ್ಯಾಡ್ಮಿಂಟನ್ ಆಟಗಾರ್ತಿ ಆನ್ ಸೆ ಯಂಗ್ ಗೆದ್ರೆ ಮೂಲೇಲಿ ನಾಲ್ಕು ಸಾಲು ಹಾಕ್ತೀರಲ್ಲ, ಅದಕ್ಕೇ ಈ ಪತ್ರ. 2002ರಲ್ಲಿ ಹುಟ್ಟಿದ ಹುಡುಗಿ ಅವ್ಳು, ಹದಿನೈದಕ್ಕೇ ನ್ಯಾಷನಲ್ ಟೀಮಿಗೆ ಬಂದ್ಳು, 2018ರ ಏಷ್ಯನ್ ಗೇಮ್ಸಲ್ಲಿ ಚೀನಾದ ಚೆನ್ ಯೂಫೆ ಕೈಲಿ ಮೊದಲ ಮ್ಯಾಚಲ್ಲೇ ಸೋತ್ಳು, ಟೋಕಿಯೊ ಒಲಿಂಪಿಕ್ಸ್ ಕ್ವಾರ್ಟರ್ ಫೈನಲ್‌ನಲ್ಲೂ ಅವ್ಳ ಕೈಲೇ ಸೋಲು.

2023ರಲ್ಲಿ ನೋಡಿ, ಆಲ್ ಇಂಗ್ಲೆಂಡ್ ಟೂರ್ನಿ ಫೈನಲ್ಲಲ್ಲಿ ಅದೇ ಚೆನ್ ಯೂಫೆನ ಸೋಲಿಸಿದ್ಳು, ಆಗಸ್ಟಲ್ಲಿ ವರ್ಲ್ಡ್ ಚಾಂಪಿಯನ್ ಆದ್ಳು, ಆಮೇಲೆ ಹಾಂಗ್ಝೌ ಏಷ್ಯನ್ ಗೇಮ್ಸ್ ಫೈನಲ್. ಎದುರಿಗೆ ಮತ್ತೆ ಅವ್ಳೇ! ಮೊದಲ ಗೇಮಲ್ಲೇ ಬಲ ಮಂಡಿ ಕೈಕೊಡ್ತು, ಪಟ್ಟಿ ಸುತ್ಕೊಂಡು ಕುಂಟ್ತಾ ಆಡಿದ್ಳು, ಎರಡನೇ ಗೇಮ್ ಹೋಯ್ತು, ಇನ್ನು ಮುಗೀತು ಅನ್ಕೊಂಡ್ರೆ ಮೂರನೇದು 21-8ರಲ್ಲಿ ಗೆದ್ದೇಬಿಟ್ಳು! ಜೋರು ಸ್ಮ್ಯಾಷ್ ಹೊಡೆದೇ ಗೆಲ್ಲೋಳಲ್ಲ ಇವ್ಳು, ಎಲ್ಲಿ ಹಾಕಿದ್ರೂ ಶಟಲ್ ಎತ್ತಿ ವಾಪಸ್ ಕಳಿಸ್ತಾಳೆ, ಎದುರಿನವ್ರಿಗೆ ಉಸಿರು ಹತ್ತೋವರೆಗೂ.

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ ಗೆದ್ದ ದಿನವೇ ತನ್ನ ದೇಶದ ಬ್ಯಾಡ್ಮಿಂಟನ್ ಅಸೋಸಿಯೇಷನ್ನು ಗಾಯಾನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಮೈಕ್ ಮುಂದೆ ಹೇಳೇಬಿಟ್ಳು, ಅಷ್ಟು ಧೈರ್ಯ ನಮ್ಮ ಸ್ಟಾರ್‌ಗಳಲ್ಲಿ ಎಷ್ಟು ಜನಕ್ಕಿದೆ ಹೇಳಿ. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಿದ್ದನ್ನ ಇವತ್ತಿಗೂ ನೆನೆಸ್ಕೊಳ್ಳೋ ಊರು ನಮ್ಮದು, ಮುಂದಿನ ಸಲ ಅವ್ಳು ಫೈನಲ್ ಆಡ್ದಾಗ ಒಂದು ಫೋಟೋನಾದ್ರೂ ಹಾಕಿ ಸಾರ್.

– ನಿಮ್ಮ ಓದುಗ, ಬೆಂಗಳೂರು