ಮೆದುಳು ಬರೀ ರೇಡಿಯೊನಾ?

ಸಂಪಾದಕರಿಗೆ ನಮಸ್ಕಾರ,

ಮೆದುಳು ರೇಡಿಯೊ ಇದ್ದ ಹಾಗೆ, ಮನಸ್ಸು ಅನ್ನೋದು ಬೇರೆಲ್ಲಿಂದಲೋ ಬರೋ ಸ್ಟೇಷನ್ನು ಅಂತ ನಿಮ್ಮ ಭಾನುವಾರದ ಪುರವಣೀಲಿ ಬಂದಿತ್ತಲ್ಲ, ಆ ಲೇಖನ ನಮ್ಮ ಕಡೆ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡ್ತಿದೆ, ಎಲ್ರೂ ಕೈ ಮುಗಿಯೋ ಇಮೋಜಿ ಹಾಕ್ತಿದಾರೆ. ನನಗೆ ಮಾತ್ರ ಓದಿ ಸಂಕಟ ಆಯ್ತು.

ರೇಡಿಯೊ ಕೆಟ್ರೆ ಗೊರಗೊರ ಅನ್ನುತ್ತೆ, ಇಲ್ಲ ನಿಂತೇ ಹೋಗುತ್ತೆ, ಆದ್ರೆ ಆ ಕಡೆ ವಾರ್ತೆ ಓದ್ತಿರೋರ ಸ್ವಭಾವ ಬದಲಾಗಲ್ಲ. ಮೆದುಳು ಕೆಟ್ರೆ ಬದಲಾಗೋದೇ ಅದು. ನಮ್ಮ ದೊಡ್ಡಪ್ಪ ಜೀವಮಾನದಲ್ಲಿ ಯಾರಿಗೂ ಏಕವಚನ ಬಳಸಿದೋರಲ್ಲ. ಅರವತ್ತು ದಾಟೋ ಹೊತ್ತಿಗೆ ಬಾಯಿಗೆ ಬಂದಂಗೆ ಬೈಯೋಕೆ ಶುರು ಮಾಡಿದ್ರು, ಮದುವೆ ಊಟಕ್ಕೆ ಕೂತ್ರೆ ಪಕ್ಕದೋರ ಎಲೆಗೇ ಕೈ ಹಾಕಿ ಲಾಡು ಎತ್ಕೊಂಡು ತಿಂದು ನಗೋರು, ದೊಡ್ಡಮ್ಮ ಜ್ವರ ಬಂದು ಮಲಗಿದ್ರೂ ಹೇಗಿದೀಯ ಅಂತ ಕೇಳ್ತಿರಲಿಲ್ಲ. ಮರೆವು ಇರಲಿಲ್ಲ ನೋಡಿ, ಹಳೇ ಲೆಕ್ಕ ಎಲ್ಲ ಪಟಪಟ ಹೇಳೋರು, ಅದಕ್ಕೇ ಯಾರೂ ಕಾಯಿಲೆ ಅಂದ್ಕೊಳ್ಳಲಿಲ್ಲ. ನೆಂಟರು ಕೊಬ್ಬು ಅಂದ್ರು, ಕೆಲವರು ಮಾಟ ಮಾಡಿಸಿದಾರೆ ಅಂದ್ರು, ಮನಶ್ಶಾಂತಿ ಇಲ್ಲ ಧ್ಯಾನಕ್ಕೆ ಕಳಿಸಿ ಅಂದೋರೂ ಇದ್ರು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಮುಂಭಾಗ, ಕಿವಿ ಪಕ್ಕದ ಭಾಗ ಸೊರಗಿ ಹೋಗಿರೋದು ಕಾಣಿಸ್ತು. ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಅಂತೆ, ಆ ಭಾಗಗಳ ನರಕೋಶ ಸಾಯ್ತಾ ಹೋಗೋ ಕಾಯಿಲೆ. ನಾಚಿಕೆ, ಕರುಣೆ, ಮುಲಾಜು ಇವೆಲ್ಲ ಎಲ್ಲಿಂದಲೋ ಪ್ರಸಾರ ಆಗ್ತಿದ್ರೆ ಒಂದು ಕಡೆ ನರಕೋಶ ಸತ್ತ ಮಾತ್ರಕ್ಕೆ ಅವೇ ಯಾಕೆ ಹೋಗಬೇಕು, ಮಗ್ಗಿ ಯಾಕೆ ಉಳೀಬೇಕು?

ಲೇಖಕರು ವೈಲ್ಡರ್ ಪೆನ್‌ಫೀಲ್ಡ್ ಹೆಸರು ಹೇಳಿದಾರೆ, ಅದು ಸರೀನೇ, ದೊಡ್ಡ ಮನುಷ್ಯ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೂರ್ಛೆ ರೋಗದೋರಿಗೆ ಎಚ್ಚರ ಇರೋವಾಗಲೇ ತಲೆಬುರುಡೆ ತೆಗೆದು ಮೆದುಳಿಗೆ ಸಣ್ಣಗೆ ಕರೆಂಟ್ ಮುಟ್ಟಿಸಿ ಆಪರೇಷನ್ ಮಾಡ್ತಿದ್ರು. ಕೈ ಅಲ್ಲಾಡ್ತಿತ್ತು, ಆದ್ರೆ ರೋಗಿಗಳು ಇದು ನಾನು ಮಾಡಿದ್ದಲ್ಲ ನೀವು ಮಾಡಿಸಿದ್ದು ಅಂತಿದ್ರು. ಎಲ್ಲಿ ಮುಟ್ಟಿಸಿದ್ರೂ ಒಂದು ನಿರ್ಧಾರ ಹುಟ್ಟಲಿಲ್ಲ, ಹಾಗಾಗಿ ಮನಸ್ಸು ಬೇರೇನೇ ಇರಬೇಕು ಅಂತ 1975ರಲ್ಲಿ ಅವರು ಬರೆದ್ರು. ಲೇಖನ ಅಲ್ಲಿಗೇ ನಿಂತುಬಿಡುತ್ತೆ, ಕತೆ ನಿಲ್ಲಲಿಲ್ಲ ಸ್ವಾಮಿ. 2009ರಲ್ಲಿ ಫ್ರಾನ್ಸ್‌ನ ಮಿಶೆಲ್ ಡೆಸ್ಮುರ್ಜೆ, ಆಂಜೆಲಾ ಸಿರಿಗು ತಂಡದೋರು ಇದೇ ಥರದ ಆಪರೇಷನ್ನಲ್ಲಿ ಮೆದುಳಿನ ನೆತ್ತಿ ಹಿಂದುಗಡೆಯ ಪರೈಟಲ್ ಭಾಗಕ್ಕೆ ಕರೆಂಟ್ ಮುಟ್ಟಿಸಿದಾಗ ರೋಗಿಗಳಿಗೆ ಕೈ ಆಡಿಸ್ಬೇಕು ಅನ್ನೋ ಆಸೇನೇ ಬಂತು, ಇನ್ನೂ ಸ್ವಲ್ಪ ಜಾಸ್ತಿ ಮಾಡಿದ್ರೆ ಸ್ನಾಯು ಒಂಚೂರೂ ಅಲ್ಲಾಡದಿದ್ರೂ ಆಡಿಸಿದೆ ಅಂತ ಅವರೇ ಹೇಳಿದ್ರು. ಪೆನ್‌ಫೀಲ್ಡ್‌ಗೆ ಸಿಗದೇ ಇದ್ದದ್ದು ಇದೇ ಅಲ್ವಾ?

ಹಾಗಂತ ವಿಜ್ಞಾನಕ್ಕೆ ಎಲ್ಲ ಗೊತ್ತಾಗಿದೆ ಅಂತ ನಾನು ಹೇಳಲ್ಲ. ಮೆದುಳಲ್ಲಿ ಸುಮಾರು 8600 ಕೋಟಿ ನರಕೋಶ ಇದೆ, ಅವುಗಳ ಸಂಜ್ಞೆಯಿಂದ ನೋವು ಅನ್ನೋ ಅನುಭವ, ಆ ಉರಿ, ಹೇಗೆ ಬರುತ್ತೆ ಅನ್ನೋದು ಇನ್ನೂ ಬಗೆಹರಿದಿಲ್ಲ. ಇಂಥ ಅನುಭವಕ್ಕೆ ಮೆದುಳಲ್ಲಿರೋ ಸ್ಪಷ್ಟ ಗುರುತನ್ನ 25 ವರ್ಷದೊಳಗೆ ಪತ್ತೆ ಮಾಡ್ತೀವಿ ಅಂತ ನರವಿಜ್ಞಾನಿ ಕ್ರಿಸ್ಟೋಫ್ ಕಾಖ್ 1998ರಲ್ಲಿ ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ ಜೊತೆ ಬಾಜಿ ಕಟ್ಟಿ 2023ರಲ್ಲಿ ಎಲ್ಲರೆದುರು ಸೋತು ವೈನ್ ಬಾಟಲಿ ಕೊಟ್ರು. ಇದು ನಿಜವಾದ ಪ್ರಶ್ನೆ, ದೊಡ್ಡ ಪ್ರಶ್ನೆ, ಇದರ ಬಗ್ಗೆ ಎಷ್ಟು ಬೇಕಾದ್ರೂ ಬರೀರಿ ನಾನು ಕೂತು ಓದ್ತೀನಿ. ಆದ್ರೆ ಉತ್ತರ ಸಿಕ್ಕಿಲ್ಲ ಅಂದ ತಕ್ಷಣ ಮನಸ್ಸು ಮೆದುಳಿನ ಆಚೆಗಿದೆ ಅಂತ ತೀರ್ಮಾನ ಕೊಟ್ಟುಬಿಡೋದು ನ್ಯಾಯ ಅಲ್ಲ.

ಯಾಕಂದ್ರೆ ಇದು ಬರೀ ಚರ್ಚೆ ವಿಷಯ ಅಲ್ಲ. ಮನಸ್ಸು ಬೇರೆ ಮೆದುಳು ಬೇರೆ ಅಂತ ನಂಬಿದ ಮನೇಲಿ ಡಿಪ್ರೆಶನ್ ಬಂದ ಹುಡುಗೀಗೆ ಮನಸ್ಸು ಗಟ್ಟಿ ಮಾಡ್ಕೋ ಅಂತಾರೆ, ಡಾಕ್ಟ್ರು ಕೊಟ್ಟ ಮಾತ್ರೆ ಬಚ್ಚಿಡ್ತಾರೆ. ಸಕ್ಕರೆ ಕಾಯಿಲೆ ಮಾತ್ರೇನ ಹಾಗೆ ಯಾರಾದ್ರೂ ಬಚ್ಚಿಡ್ತಾರಾ? ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆ ಥರಾನೇ ಇನ್ಶೂರೆನ್ಸ್ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆನೇ ಹೇಳುತ್ತೆ, ಕಾನೂನು ಒಪ್ಪಿದ್ದನ್ನ ನಮ್ಮ ಮನೆಗಳು ಇನ್ನೂ ಒಪ್ಪಿಲ್ಲ. ಮಾತಾಡಿ, ಧೈರ್ಯ ಹೇಳಿ ವಾಸಿ ಮಾಡೋ ಚಿಕಿತ್ಸೇನೂ ಇದೆ, ಒಳ್ಳೇದೇ, ಆ ಮಾತು ಕೆಲಸ ಮಾಡೋದೂ ಮೆದುಳಲ್ಲೇ.

ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಮಾಡಿದೆ, ಎಷ್ಟು ಜನಕ್ಕೆ ಗೊತ್ತು? 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನೋರು ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ. ಇನ್ಮೇಲೆ ಇಂಥ ಲೇಖನ ಹಾಕೋವಾಗ ಪಕ್ಕದಲ್ಲಿ ಒಬ್ಬ ನ್ಯೂರಾಲಜಿಸ್ಟ್ ಮಾತೂ ಹಾಕಿ, ಕೆಳಗೆ ಆ ನಂಬರ್ ದೊಡ್ಡಕ್ಷರದಲ್ಲಿ ಹಾಕಿ ಅಂತ ಕೇಳ್ಕೋತೀನಿ.

ಇಂತಿ,
ನಿಮ್ಮ ಓದುಗ, ಹಾಸನ