ಲ್ಯಾಪ್‌ಟಾಪನ್ನು ಮನೆಯಲ್ಲೇ ಬಿಟ್ಟು ವೇದಿಕೆ ಹತ್ತು

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಾಲೇಜಿನ ಉತ್ಸವದಲ್ಲಿ ಅಮೆರಿಕದ ನೋ ಡೌಟ್ ಎಂಬ ರಾಕ್ ತಂಡದ ಹಾಡುಗಳನ್ನು ಗಿಟಾರ್ ನುಡಿಸುತ್ತ ಹಾಡಲಿದ್ದೀಯೆಂದು ನಿನ್ನ ಅಮ್ಮ ತಿಳಿಸಿದಳು. ತುಂಬ ಸಂತೋಷವಾಯಿತು. ಆದರೆ ಬೇಸ್ ಗಿಟಾರಿನ ಹುಡುಗನೊಂದಿಗೆ ಮಾತು ಬಿಟ್ಟಿದ್ದೀಯಂತೆ, ಅವನ ಭಾಗವನ್ನೂ ಟ್ರಂಪೆಟ್, ಟ್ರಾಂಬೋನ್‌ಗಳನ್ನೂ ಲ್ಯಾಪ್‌ಟಾಪಿನಿಂದ ಕೇಳಿಸುತ್ತೀಯಂತೆ. ಆ ಹಾಡುಗಳನ್ನು ಆರಿಸಿಕೊಂಡ ಮೇಲೆ ಹಾಗೆ ಮಾಡಬೇಡ.

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1986ರಲ್ಲಿ ಹುಟ್ಟಿದ ತಂಡ ಅದು. ಮೊದಲ ಗಾಯಕ ಜಾನ್ ಸ್ಪೆನ್ಸ್ ಮರುವರ್ಷವೇ ತೀರಿಕೊಂಡ. 1992ರಲ್ಲಿ ಮೊದಲ ಆಲ್ಬಂ ಬಂದಾಗ ಅಮೆರಿಕದ ಯುವಜನರು ಗ್ರಂಜ್ ಎಂಬ ಒರಟು ಗಿಟಾರಿನ, ಮಂಕು ಭಾವದ ರಾಕ್ ಸಂಗೀತದ ಗುಂಗಿನಲ್ಲಿದ್ದರು. ಟ್ರಂಪೆಟ್ ಊದಿ ಕುಣಿಯುವವರನ್ನು ಕೇಳುವವರಿರಲಿಲ್ಲ. ಆಲ್ಬಂ ಹೊರತಂದ ಕಂಪನಿ ಕೈಹಿಡಿಯಲಿಲ್ಲ. 1995ರಲ್ಲಿ ಎರಡನೆಯದನ್ನು ತಾವೇ ಹೊರತಂದರು. ಅದೇ ಅಕ್ಟೋಬರಿನಲ್ಲಿ ಬಂದ 'ಟ್ರ್ಯಾಜಿಕ್ ಕಿಂಗ್‌ಡಮ್' ಒಂದೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅಷ್ಟು ಹೊತ್ತಿಗೆ ಅವರು ವೇದಿಕೆಯ ಮೇಲೆ ವರ್ಷಗಟ್ಟಲೆ ಪಳಗಿದ್ದರು.

ಅವರ ಹಾಡುಗಳ ಬೇರು ಇರುವುದು ಸ್ಕಾ ಎಂಬ ಕುಣಿತದ ಸಂಗೀತದಲ್ಲಿ. ಅದು ಜಮೈಕಾದ್ದು, 1950ರ ದಶಕದ ಕೊನೆಯಲ್ಲಿ ಹುಟ್ಟಿತು. ಇಪ್ಪತ್ತು ವರ್ಷಗಳ ನಂತರ ಇಂಗ್ಲೆಂಡಿನ ಮ್ಯಾಡ್‌ನೆಸ್, ಸ್ಪೆಷಲ್ಸ್ ತಂಡಗಳು ಅದಕ್ಕೆ ಹೊಸ ಚುರುಕು ಕೊಟ್ಟವು. ಅದರ ಲಯ ಕೈಗೆ ಹತ್ತಬೇಕಾದರೆ ನೀನು ಚಿಕ್ಕಂದಿನಲ್ಲಿ ಕಲಿತ ಆದಿತಾಳವನ್ನೇ ಹಾಕು. ಪ್ರತಿ ಎಣಿಕೆಯನ್ನು 'ತ ಕ' ಎಂದು ಎರಡಾಗಿ ಒಡೆ. ಪೆಟ್ಟು ಬೀಳುವ 'ತ'ದ ಮೇಲೆ ಗಿಟಾರನ್ನು ಮುಟ್ಟಲೇಬೇಡ. 'ಕ' ಬಂದಾಗ ತಂತಿಗಳನ್ನು ಚಕ್ಕನೆ ಮೀಟು, ಎಡಗೈ ಬೆರಳನ್ನು ಸಡಿಲಿಸಿ ನಾದವನ್ನು ಅಲ್ಲೇ ಅಡಗಿಸು. 'ಸ್ಪೈಡರ್‌ವೆಬ್ಸ್' ಹಾಡಿನ ಚರಣಗಳಲ್ಲಿ ತಂಡದ ಗಿಟಾರ್ ವಾದಕ ಟಾಮ್ ಡುಮಾಂಟ್ ಹೀಗೆ ಅಳತೆಯಲ್ಲಿ ನುಡಿಸುತ್ತಾನೆ. ಪಲ್ಲವಿ ಬಂದಾಗ ಹೆವಿ ಮೆಟಲ್ ಎಂಬ ಅಬ್ಬರದ ರಾಕ್‌ನಲ್ಲಿ ಪಳಗಿದ ಅವನ ಹಳೆಯ ಕೈ ಬಿಚ್ಚಿಕೊಳ್ಳುತ್ತದೆ. ನೀನು ಬಿಟ್ಟುಕೊಟ್ಟ ಜಾಗದಲ್ಲಿ ನಡೆದಾಡುವುದು ಬೇಸ್. ಜನ ಕುಣಿಯತೊಡಗಿದರೆ ಡ್ರಮ್ ಒಂದು ಕೂದಲೆಳೆಯಷ್ಟು ಮುಂದೆ ಓಡುತ್ತದೆ. ಬೇಸ್ ನುಡಿಸುವವನು ಅದನ್ನು ಕೇಳಿಸಿಕೊಂಡು ಜೊತೆಗೇ ಓಡುತ್ತಾನೆ, ಇಲ್ಲವೇ ಹಿಡಿದು ನಿಲ್ಲಿಸುತ್ತಾನೆ. ಲ್ಯಾಪ್‌ಟಾಪಿಗೆ ಎರಡೂ ಆಗದು.

ಇನ್ನು ಮನಸ್ತಾಪದ ಮಾತು. ನೋ ಡೌಟ್‌ನ ಬೇಸ್ ವಾದಕ ಟೋನಿ ಕನಾಲ್, ಭಾರತೀಯ ಮೂಲದ ತಂದೆತಾಯಿಯ ಮಗ. ಗಾಯಕಿ ಗ್ವೆನ್ ಸ್ಟೆಫಾನಿಗೂ ಅವನಿಗೂ ವರ್ಷಗಳ ಪ್ರೀತಿಯಿತ್ತು, ಅದು ಮುರಿದುಬಿತ್ತು. ಗ್ವೆನ್ ಮತ್ತು ಅವಳ ಅಣ್ಣ ಎರಿಕ್ ಬರೆದ 'ಡೋಂಟ್ ಸ್ಪೀಕ್' ಮೊದಲು ಪ್ರೇಮಗೀತೆಯಾಗಿತ್ತು, ಆಮೇಲೆ ಅಗಲಿಕೆಯ ಹಾಡಾಯಿತು. ಅಮೆರಿಕದ ರೇಡಿಯೊ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿ ನಿಂತ ಆ ಹಾಡನ್ನು ಅವಳು ಊರೂರಿನಲ್ಲಿ ಹಾಡುವಾಗ, ಯಾರನ್ನು ಕುರಿತು ಹಾಡುತ್ತಿದ್ದಳೋ ಅವನೇ ಪಕ್ಕದಲ್ಲಿ ಬೇಸ್ ನುಡಿಸುತ್ತಿದ್ದ. ಇದನ್ನು ನೆನೆದಾಗಲೆಲ್ಲ ನನಗೆ ಆ ಇಬ್ಬರ ಮೇಲೂ ಗೌರವ ಹೆಚ್ಚುತ್ತದೆ. ನಿಮ್ಮಿಬ್ಬರ ಜಗಳ ಅಭ್ಯಾಸದ ಸಮಯದ್ದು ಎಂದು ಅಮ್ಮ ಹೇಳಿದಳು. ಅಷ್ಟನ್ನು ದಾಟಲಾರೆಯಾ?

1997ರಲ್ಲಿ ನೋ ಡೌಟ್ ತಂಡದವರು ತಮ್ಮ ಊರಿನಲ್ಲೇ ಕೊಟ್ಟ ಕಾರ್ಯಕ್ರಮದ ಚಿತ್ರೀಕರಣವನ್ನು ಎಲ್ಲರೂ ಒಟ್ಟಿಗೆ ಕುಳಿತು ನೋಡಿ. ರಾತ್ರಿ ತಡವಾಗಿ ಕಾರು ಓಡಿಸಿಕೊಂಡು ಬಂದದ್ದಕ್ಕೆ ಗ್ವೆನ್‌ಳನ್ನು ಅವಳ ಅಪ್ಪ ಗದರಿದಾಗ ಹುಟ್ಟಿದ 'ಜಸ್ಟ್ ಅ ಗರ್ಲ್' ಹಾಡನ್ನು ಅವಳು ಸಭೆಯ ಗಂಡಸರಿಂದಲೂ ಹಾಡಿಸುತ್ತಾಳೆ. ಅವಳು ವೇದಿಕೆಯ ತುಂಬ ಓಡಾಡುತ್ತಿರುವಾಗ ಹಿಂದಿನವರ ಕಣ್ಣು ಎಲ್ಲಿದೆ ಎಂಬುದನ್ನು ಗಮನಿಸು. ಅಷ್ಟು ನೆಚ್ಚಿಕೆ ಬೆನ್ನಿಗಿದ್ದುದರಿಂದಲೇ ಅವಳು ಹಾಗೆ ಹಾರಾಡಬಲ್ಲಳು.

ಟ್ರಾಂಬೋನ್ ನುಡಿಸುವವರು ಸಿಗದಿದ್ದರೆ ಆ ಸಾಲನ್ನು ಕೀಬೋರ್ಡಿನವಳು ಕೈಯಾರೆ ನುಡಿಸಲಿ, ಅಡ್ಡಿಯಿಲ್ಲ. ಬೇಸ್ ಹುಡುಗನಿಗೆ ಮಾತ್ರ ಇವತ್ತೇ ನೀನಾಗಿ ಫೋನ್ ಮಾಡು. ಉತ್ಸವದ ದಿನ ನಾನೂ ನಿನ್ನ ಅತ್ತೆಯೂ ಬರುತ್ತೇವೆ.

ಇಂತಿ,
ನಿನ್ನ ಮಾವ