ಪಿಯಾನೋ ಎಲ್ಲಿ ಹೋಯಿತು?

ಪ್ರಿಯ ತಮ್ಮಾ,

ನಿನ್ನ ಲೇಖನ ಓದಿದೆ. ಜಾಜ್ ಸ್ಯಾಕ್ಸೋಫೋನ್ ವಾದಕ ಸ್ಟಾನ್ ಗೆಟ್ಜ್ ಮತ್ತು ಪಿಯಾನೋ ವಾದಕ ಕೆನ್ನಿ ಬ್ಯಾರನ್ ಜೋಡಿಯ 'ಪೀಪಲ್ ಟೈಮ್' ಆಲ್ಬಮ್ ಬಗ್ಗೆ ಕನ್ನಡದಲ್ಲಿ ಬರೆಯೋಕೆ ಹೊರಟಿದ್ದೀಯಲ್ಲ, ಅದೇ ಖುಷಿ. ಆದರೆ ಮೊದಲ ಮೂರು ಪ್ಯಾರಾದಲ್ಲಿ ಬರೀ ಗೆಟ್ಜ್ ಅವರ ಕ್ಯಾನ್ಸರ್. ಸ್ಯಾಕ್ಸೋಫೋನ್ ಕೇಳಿಸುವುದು ನಾಲ್ಕನೆಯದರಲ್ಲಿ. ಪಿಯಾನೋ ಅಂತೂ ಕೇಳಿಸುವುದೇ ಇಲ್ಲ.

ಮಾರ್ಚ್ 1991ರಲ್ಲಿ ಇಬ್ಬರೂ ಕೋಪನ್‌ಹೇಗನ್ನಿನ ಮಾಂಟ್‌ಮಾರ್ಟ್ರ್ ಕ್ಲಬ್ಬಿನಲ್ಲಿ ನುಡಿಸಿದ್ದೇ ಈ ಆಲ್ಬಮ್. ಜೂನ್ 6ಕ್ಕೆ ಗೆಟ್ಜ್ ತೀರಿಕೊಂಡರು. ಇಷ್ಟು ಹೇಳಿದರೆ ಸಾಕು, ಓದುಗರ ಕಣ್ಣು ತುಂಬುತ್ತದೆ. ಆ ಕಣ್ಣೀರಿಗೆ ಸಂಗೀತ ಕೇಳುವ ಅಗತ್ಯವೇ ಇಲ್ಲ ನೋಡು, ನನ್ನ ತಕರಾರು ಅದೇ.

ಈ ಆಲ್ಬಮ್‌ನಲ್ಲಿ ಬೇಸ್ (ತಗ್ಗು ದನಿಯ ತಂತಿವಾದ್ಯ) ಇಲ್ಲ, ಡ್ರಮ್ಸ್ ಇಲ್ಲ. ಅಲ್ಲಿಂದ ಶುರು ಮಾಡು. ಲಯ ಹಿಡಿಯೋರು ಬೇರೆ ಯಾರೂ ಇಲ್ಲದಾಗ ಆ ಕೆಲಸ ಹೆಚ್ಚಾಗಿ ಬ್ಯಾರನ್ ಎಡಗೈಗೆ ಬೀಳುತ್ತದೆ. ಆ ಕೈ ಒಮ್ಮೆ ಬೇಸ್‌ನ ಹಾಗೆ ನಡೆಯುತ್ತದೆ, ಇನ್ನೊಮ್ಮೆ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರ) ಒತ್ತಿ ಸುಮ್ಮನಾಗುತ್ತದೆ. ಆ ಬಿಟ್ಟ ಜಾಗದಲ್ಲಿ ಗೆಟ್ಜ್ ಏನು ಮಾಡುತ್ತಾರೆ? ಕೆಲವು ಕಡೆ ಸ್ವರದ ಜೊತೆಗೇ ಉಸಿರಿನ ಸದ್ದೂ ಬರುತ್ತದೆ. ದೊಡ್ಡ ಬ್ಯಾಂಡಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತಿತ್ತು. ಚಾರ್ಲಿ ಹೇಡನ್ ರಚನೆ 'ಫಸ್ಟ್ ಸಾಂಗ್' ಒಂದನ್ನೇ ಹಿಡಿದುಕೋ. ಪಿಯಾನೋ ಮಾತ್ರ ಗಮನಿಸಿ ಒಂದು ಸಲ ಕೇಳು, ಕೇಳಿಸಿದ್ದನ್ನು ಬರಿ. 1992ರಲ್ಲಿ ಬಂದದ್ದು ಎರಡು ಸಿಡಿ. ಆಮೇಲೆ ಪೂರ್ತಿ ಧ್ವನಿಮುದ್ರಣ ಏಳು ಸಿಡಿಗಳಲ್ಲಿ ಬಂತು. ಅದರಲ್ಲಿ ಕೆಲವು ರಚನೆಗಳು ಬೇರೆ ಬೇರೆ ರಾತ್ರಿ ಮತ್ತೆ ಬರುತ್ತವೆ. ಹೋಲಿಸಿ ನೋಡೋಕೆ ಇದಕ್ಕಿಂತ ಒಳ್ಳೆ ಅವಕಾಶ ಸಿಗದು.

ಜುಗಲ್‌ಬಂದಿ ಅಂತ ಮಾತ್ರ ಬರೆಯಬೇಡ, ಓದುಗರು ಆಗಲೇ ತಬಲಾ ಹುಡುಕುತ್ತಾರೆ. ನಮ್ಮವರಿಗೆ ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಗೊತ್ತು. ಅವರದು ಆಲ್ಟೋ, ಗೆಟ್ಜ್ ಅವರದು ಟೆನರ್, ದನಿ ಇನ್ನೂ ತಗ್ಗು. ಅಷ್ಟು ಹೇಳಿ ಮುಂದೆ ಹೋಗು.

ಮುಂದಿನ ಲೇಖನಕ್ಕೆ ಸ್ಯಾಕ್ಸೋಫೋನಿನ ಆರ್ಚಿ ಶೆಪ್, ಪಿಯಾನೋದ ಹೊರೇಸ್ ಪಾರ್ಲನ್ ಅಂತ ಬರೆದಿದ್ದೀಯ. ಅವರ 1977ರ ಆಲ್ಬಮ್ 'ಗೋಯಿನ್ ಹೋಮ್'. ಅಲ್ಲೂ ಇದೇ ಬಲೆ ಇದೆ, ಹುಷಾರು. ಚಿಕ್ಕಂದಿನಲ್ಲಿ ಬಂದ ಪೋಲಿಯೋದಿಂದ ಪಾರ್ಲನ್ ಬಲಗೈಗೆ ಊನವಾಗಿತ್ತು. ಅಯ್ಯೋ ಪಾಪ ಅನ್ನೋ ಬದಲು ಎಡಗೈ ಎಷ್ಟು ಹೊತ್ತುಕೊಂಡಿದೆ, ಕಾರ್ಡ್‌ಗಳು ಎಷ್ಟು ತೂಕವಾಗಿ ಬೀಳುತ್ತವೆ ಅಂತ ಹೇಳು. ಅಬ್ಬರದ, ಕಟ್ಟುಪಾಡಿಲ್ಲದ ಫ್ರೀ ಜಾಜ್‌ಗೆ ಹೆಸರಾದ ಶೆಪ್ ಇಲ್ಲಿ ಕಪ್ಪು ಜನರ ಹಳೆಯ ಭಕ್ತಿಗೀತೆಗಳ ಧಾಟಿಯನ್ನು ಬಹುಪಾಲು ನೇರವಾಗಿ ನುಡಿಸುತ್ತಾರೆ. ನನಗಂತೂ ಗೆಟ್ಜ್‌ಗಿಂತ ಇದೇ ಜಾಸ್ತಿ ಇಷ್ಟ.

ಸದ್ಯಕ್ಕೆ ಇದನ್ನು ತಿದ್ದು. ಜೂನ್ 6 ಕೊನೆಯ ಪ್ಯಾರಾಕ್ಕೆ ಹೋಗಲಿ, ಒಂದೇ ವಾಕ್ಯದಲ್ಲಿ. ಬ್ಯಾರನ್ ಹೆಸರು ಮೊದಲ ಸಾಲಿಗೇ ಬರಲಿ. ತಿದ್ದಿದ ಮೇಲೆ ಕಳಿಸು, ಓದುತ್ತೇನೆ.

ನಿನ್ನ ಅಣ್ಣ